ಗಾಬರಿಯಲ್ಲಿ ಮರೆವು
(ಗ್ರಾಮದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಗಾಬರಿಯಾದಾಗ ಕೈಕಾಲು ಆಡುವುದಿಲ್ಲವೆಂದು ನಾವೆಲ್ಲ ಹೇಳುತ್ತೇವೆ. ಆಗ ನೆನಪೂ ಕೈಕೊಡುತ್ತದೆಂಬುದು ನನಗೆ ಮನದಟ್ಟಾದ ಸಂಗತಿಯನ್ನು ಮೊದಲು ಹೇಳುತ್ತೇನೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಕಚ್ಚಿದ ಅಂಗವನ್ನು ಅಲುಗಿಸದೆ ಬೇಗ ಆಸ್ಪತ್ರೆಗೆ ಸಾಗಿಸಿ ಎಂದು ಊರೂರಿಗೆ ಹೋಗಿ ಹೇಳುವವನು ನಾನು. ಒಂದು ಸಂಜೆ ಕಣದಲ್ಲಿ ನನ್ನ ತಮ್ಮನ ಕಾಲಿಗೇ ಹಾವು ಕಚ್ಚಿತು. ನಾನು ಮಾಡಿದ್ದೇನು? ಟವೆಲು ಹರಿದು ಕಟ್ಟಲು ಹೊರಟೆ. 108ಕ್ಕೆ ಕರೆ ಮಾಡಬೇಕೆಂದು ಹೊಳೆಯಲೇ ಇಲ್ಲ. ಪಕ್ಕದ ಹೊಲದ ಅಜ್ಜಿ, "ಯಾಕಪ್ಪ ಕಟ್ಟುತ್ತೀ? ಕಟ್ಟಬಾರದು ಅಂತ ನೀನೇ ಹೇಳಿದ್ದೆಯಲ್ಲ!" ಎಂದಾಗ ಎಚ್ಚರವಾಯಿತು. ಸಕಾಲಕ್ಕೆ ಪ್ರತಿವಿಷದ ಮದ್ದು ಸಿಕ್ಕಿ ತಮ್ಮ ಉಳಿದ. ಆದರೆ ಬಲ್ಲವನಾದ ನಾನೇ ಹೇಗೆ ಮರೆತೆ ಎಂಬ ನಾಚಿಕೆ ಬಹುಕಾಲ ಕಾಡಿತು.

ಇದಕ್ಕೆ ಕಾರಣವುಂಟು. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಎದೆ ಡವಗುಟ್ಟುತ್ತದೆ, ಓಡಲು ಬಲ ಬರುತ್ತದೆ. ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಏರುತ್ತದೆ. ಆಗ ಆಲೋಚಿಸಿ ತೂಗಿನೋಡುವ ಮಿದುಳಿನ ಮುಂಭಾಗದ ಕೆಲಸ ಕುಗ್ಗುತ್ತದೆ. ಕಣ್ಣು, ಮನಸ್ಸು ಎರಡೂ ಅಪಾಯವೊಂದಕ್ಕೇ ಅಂಟಿಕೊಳ್ಳುತ್ತವೆ. ಆದ್ದರಿಂದಲೇ ಹಾವು ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ, ಪಕ್ಕದಲ್ಲಿ ಯಾರಿದ್ದರೆಂಬುದು ನೆನಪಿರುವುದಿಲ್ಲ.

ಕಲಿತದ್ದು ಅಳಿಸಿಹೋಯಿತೆ? ಇಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೀರಿನ ತೊಟ್ಟಿಯೊಳಗೆ ಅಡಗಿದ್ದ ಮೆಟ್ಟನ್ನು ಈಜಿ ಸೇರಲು ಇಲಿಗಳಿಗೆ ಕಲಿಸಿದ್ದರು. ಮಾರನೆಯ ದಿನ ವಿದ್ಯುತ್ತಿನ ಪೆಟ್ಟು ಕೊಟ್ಟು, 30 ನಿಮಿಷದ ಮೇಲೆ ನೀರಿಗೆ ಬಿಟ್ಟ ಇಲಿಗಳು ಜಾಗ ತಿಳಿಯದೆ ತಡಕಾಡಿದವು. 4 ಗಂಟೆಗಳ ನಂತರ ಬಿಟ್ಟ ಇಲಿಗಳಿಗೆ ಆ ತೊಂದರೆ ಇರಲಿಲ್ಲ. ಬೀಗದ ಕೈ ಸಿಗದ ಪೆಟ್ಟಿಗೆಯಂತೆ, ಒಳಗಿನ ಒಡವೆ ಒಳಗೇ ಇರುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ತಡವರಿಸಿದ ಮಗು ಮನೆಗೆ ಬಂದು ಉತ್ತರ ಹೇಳುವುದೂ ಹೀಗೆಯೇ. ಅದನ್ನು ದಡ್ಡನೆಂದು ಗದರಿಸಬೇಡಿ.

ಹಾಗಾದರೆ ಉಪಾಯವೇನು? ಬೇಸಾಯಗಾರನ ಕೈ ಯೋಚಿಸದೆಯೇ ನೊಗ ಹೂಡುತ್ತದೆ. ಹೀಗೆ ರೂಢಿಯಾದ ಕೆಲಸವನ್ನು ಗಾಬರಿ ಅಷ್ಟಾಗಿ ಕೆಡಿಸದು. ಆದ್ದರಿಂದ ಕೆಲವು ಸೂಚನೆಗಳು:

1. 108 ಎಂಬ ಸಂಖ್ಯೆ, ಪ್ರತಿವಿಷ ದೊರೆಯುವ ಆಸ್ಪತ್ರೆ, ಸಿಗಬಹುದಾದ ವಾಹನ, ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

2. ಮಳೆಗಾಲಕ್ಕೆ ಮೊದಲು ಮನೆಯವರೆಲ್ಲ ಸೇರಿ ಒಮ್ಮೆ ಮಾಡಿ ನೋಡಿ. ಯಾರು ಕರೆ ಮಾಡುವರು, ಯಾರು ರೋಗಿಯ ಬಳಿ ಇರುವರು ಎಂದು ಮೊದಲೇ ಗೊತ್ತುಮಾಡಿ.

3. ಗಾಬರಿಗೊಂಡವರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹತ್ತು ಜನ ಹತ್ತು ಬುದ್ಧಿ ಹೇಳುವುದು ಬೇಡ.

4. ಆ ಗಳಿಗೆಯಲ್ಲಿ ಸಾಲದ ಪತ್ರಕ್ಕಾಗಲಿ, ಜಮೀನಿನ ಕಾಗದಕ್ಕಾಗಲಿ ರುಜು ಹಾಕಬೇಡಿ. ಮನಸ್ಸು ತಿಳಿಯಾಗುವವರೆಗೆ ಅವು ಕಾಯಲಿ.

5. ತಪ್ಪಿದವರನ್ನು ಆಮೇಲೆ ಹಂಗಿಸಬೇಡಿ.

ನನ್ನ ತಮ್ಮನನ್ನು ಉಳಿಸಿದ್ದರಲ್ಲಿ ನನ್ನ ವಿದ್ಯೆಗಿಂತ ಆ ಅಜ್ಜಿಯ ಒಂದು ಮಾತಿನ ಪಾಲೇ ಹೆಚ್ಚು. ಒಬ್ಬರು ಮರೆತಾಗ ಇನ್ನೊಬ್ಬರು ನೆನಪಿಸಬೇಕಾದರೆ ವಿಷಯ ಮನೆಮಂದಿಗೆಲ್ಲ ತಿಳಿದಿರಬೇಕು. ಇಂದು ಮನೆಗೆ ಹೋದೊಡನೆ ಆ ಚೀಟಿಯನ್ನು ಬರೆದು ಅಂಟಿಸಿರೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.