ಉಪಾಧ್ಯಾಯರ ತರಬೇತಿಗೆ ಯಾರು ಅರ್ಹರು?

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಪಟ್ಟಣದ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಬೇರೇನೂ ಆಗದಿದ್ದರೆ ಬಿ.ಎಡ್. ಆದರೂ ಮಾಡಲಿ." ಈ "ಆದರೂ" ಎಂಬುದರ ಮೇಲೆ ನನಗೆ ಸ್ವಲ್ಪ ತಕರಾರುಂಟು. ವ್ಯಾಕರಣದಲ್ಲಿ ಅದು ಅವ್ಯಯ. ಸಂಸಾರದಲ್ಲಿ ಮಾತ್ರ ಎರಡು ವರ್ಷದ ವ್ಯಯ. ಹಾಗೆ ವ್ಯಯ ಮಾಡುವ ಮುನ್ನ ಆ ಬಾಗಿಲಲ್ಲಿ ಏನನ್ನು ಕೇಳುತ್ತಾರೆ, ಏನನ್ನು ಕೇಳುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಹಿಂದೆ ಬಿ.ಟಿ. ಎಂದು ಕರೆಯುತ್ತಿದ್ದ ಪದವಿಯೇ ಇಂದಿನ ಬಿ.ಎಡ್. ಇದರ ನಿಯಮಗಳನ್ನು ಗೊತ್ತುಮಾಡುವುದು 1993ರ ಕಾಯಿದೆಯಿಂದ ಅಧಿಕಾರ ಪಡೆದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 2015ರಿಂದ ಈ ವ್ಯಾಸಂಗ ಒಂದು ವರ್ಷದ್ದು ಹೋಗಿ ಎರಡು ವರ್ಷದ್ದಾಯಿತು. ವಿಜ್ಞಾನ, ಸಮಾಜವಿಜ್ಞಾನ ಅಥವಾ ಮಾನವಿಕ ಶಾಸ್ತ್ರಗಳಲ್ಲಿ ಪದವಿ ಇರಬೇಕು. ಅದರಲ್ಲಿ ನೂರಕ್ಕೆ 50 ಅಂಕವಾದರೂ ಬಂದಿರಬೇಕು. ಸ್ನಾತಕೋತ್ತರ ಪದವಿಯಲ್ಲಿ 50 ಬಂದಿದ್ದರೂ ಪರಿಷತ್ತಿನ ನಿಯಮ ಒಪ್ಪುತ್ತದೆ. ವಿಜ್ಞಾನ, ಗಣಿತಗಳನ್ನು ವಿಶೇಷವಾಗಿ ಓದಿದ ಇಂಜಿನಿಯರಿಂಗ್ ಪದವೀಧರರಿಗೂ ಪ್ರವೇಶ ಉಂಟು. ಅವರಿಗೆ 55 ಬೇಕು. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಂಗವಿಕಲರಿಗೆ ಸರ್ಕಾರದ ನಿಯಮದಂತೆ ರಿಯಾಯಿತಿ ದೊರೆಯುತ್ತದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಸೀಟುಗಳನ್ನು ಕೇಂದ್ರೀಕೃತ ದಾಖಲಾತಿ ಘಟಕವು ಪದವಿಯ ಅಂಕಗಳನ್ನು ನೋಡಿ ಹಂಚುತ್ತದೆ. ಪ್ರತ್ಯೇಕ ಪ್ರವೇಶ ಪರೀಕ್ಷೆಯಿಲ್ಲ.

ಅರ್ಜಿಯ ವಿಚಾರದಲ್ಲಿ ಒಂದೇ ಮಾತು. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಪದವಿಯ ಕೊನೆಯ ಸೆಮಿಸ್ಟರಿನವರೆಗೆ ಹೆಸರೂ ಇನಿಷಿಯಲ್ಲೂ ಒಂದೇ ಬಗೆಯಾಗಿವೆಯೆ ಎಂದು ಈಗಲೇ ನೋಡಿಕೊಳ್ಳಿ. ಜಾತಿ, ಆದಾಯ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನೂ, ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಾದರೆ 371 ಜೆ ಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ. ತಾಲ್ಲೂಕು ಕಚೇರಿಯ ಕೆಲಸ ಅರ್ಜಿಯ ಕೊನೆಯ ದಿನವನ್ನು ಕೇಳಿ ನಡೆಯುವುದಿಲ್ಲ.

ಅನೇಕರು ಎಡವುವುದು ಅಂಕದಲ್ಲಲ್ಲ, ವಿಷಯದಲ್ಲಿ. ಬಿ.ಎಡ್.ನಲ್ಲಿ ಶಾಲೆಯ ಪಾಠವಿಷಯಗಳನ್ನು ಬೋಧಿಸುವ ಕ್ರಮವನ್ನು ಕಲಿಸುತ್ತಾರೆ. ಆ ವಿಷಯಗಳು ನೀವು ಪದವಿಯಲ್ಲಿ ಓದಿದವುಗಳನ್ನು ಅವಲಂಬಿಸಿರುತ್ತವೆ. ಮುಂದೆ ಹುದ್ದೆಗೆ ಅರ್ಜಿ ಹಾಕುವಾಗಲೂ ಅದೇ ಲೆಕ್ಕ. ಭೌತಶಾಸ್ತ್ರ, ಗಣಿತ ಓದಿದವರ ಹುದ್ದೆ ಬೇರೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರದು ಬೇರೆ. ಪ್ರೌಢಶಾಲೆಯ ವೇಳಾಪಟ್ಟಿಯಲ್ಲೇ ಇಲ್ಲದ ವಿಷಯಗಳನ್ನು ಆರಿಸಿಕೊಂಡು ಎಪ್ಪತ್ತು ಅಂಕ ತೆಗೆದ ಹುಡುಗಿಗಿಂತ ಕನ್ನಡ, ಇತಿಹಾಸ ಓದಿ ಐವತ್ತೈದು ತೆಗೆದ ಹುಡುಗಿಯ ದಾರಿ ಸುಗಮವಾದೀತು. ಆದುದರಿಂದ ಬಿ.ಎಡ್. ಯೋಚನೆ ಮನೆಯಲ್ಲಿ ಶುರುವಾಗಬೇಕಾದದ್ದು ಪದವಿ ಮುಗಿದ ಮೇಲಲ್ಲ, ಪದವಿಗೆ ಸೇರುವಾಗ.

ಇನ್ನೊಂದು ಭ್ರಮೆಯಿದೆ. ಹೈಸ್ಕೂಲಿಗೆ ಪಾಠ ಹೇಳಬಲ್ಲವನು ಒಂದನೆಯ ತರಗತಿಗೆ ಹೇಳಲಾರನೆ ಎಂಬುದು ಲೋಕದ ತರ್ಕ. ಪರಿಷತ್ತೂ 2018ರಲ್ಲಿ ಹೀಗೆಯೇ ಎಣಿಸಿ, ಬಿ.ಎಡ್. ಆದವರು ಒಂದರಿಂದ ಐದನೆಯ ತರಗತಿಗಳಿಗೂ ಅರ್ಹರೆಂದು ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅದು ಸಲ್ಲದೆಂದು ತೀರ್ಪಿತ್ತಿತು. ಆ ಚಿಕ್ಕ ತರಗತಿಗಳಿಗೆ ಬೇಕಾದದ್ದು ಡಿ.ಎಲ್.ಎಡ್. — ಹಳಬರ ಬಾಯಲ್ಲಿ ಇಂದಿಗೂ ಟಿ.ಸಿ.ಎಚ್. ಅದಕ್ಕೆ ಪಿ.ಯು.ಸಿ. ಮುಗಿಸಿ ಸೇರಬಹುದು. ಅಕ್ಷರ ತಿದ್ದಿಸುವುದು ಬೇರೆಯದೇ ಒಂದು ವಿದ್ಯೆ. ಅಷ್ಟಾವಧಾನ ಮಾಡಬಲ್ಲ ಪಂಡಿತರು ಐದು ವರ್ಷದ ಮಗುವಿನ ಮುಂದೆ ಬೆವರಿದ್ದನ್ನು ನಾನು ನೋಡಿದ್ದೇನೆ. ನ್ಯಾಯಾಲಯದ ಮಾತು ನನಗೆ ಸರಿಯೆನಿಸಿತು. ಇದನ್ನರಿಯದೆ ಪ್ರಾಥಮಿಕ ಶಾಲೆಯ ಆಸೆಯಿಂದ ಬಿ.ಎಡ್.ಗೆ ಹಣ ಕಟ್ಟುವವರು ಈಗಲೂ ಇದ್ದಾರೆ. ಪಿ.ಯು.ಸಿ. ಆದ ಮೇಲೆ ಪದವಿಯನ್ನೂ ತರಬೇತಿಯನ್ನೂ ಕೂಡಿಸಿ ನಾಲ್ಕು ವರ್ಷ ಓದುವ ಮಾರ್ಗವೂ ಉಂಟು. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ವ್ಯಾಸಂಗಕ್ಕೆ ಹೆಸರಾದದ್ದು. ಈಗ ಈ ನಾಲ್ಕು ವರ್ಷದ ಶಿಕ್ಷಣಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಿದೆ. ಅದು 2023ರಲ್ಲಿ ಮೊದಲಾಯಿತು.

ಇಷ್ಟು ಬಾಗಿಲಲ್ಲಿ ಕೇಳುವ ಸಂಗತಿ. ಇನ್ನು ಕೇಳದೆ ಇರುವುದನ್ನು ಹೇಳಬೇಕು.

ನಮ್ಮ ಶಾಲೆಗೆ ವರ್ಷವರ್ಷವೂ ಬಿ.ಎಡ್. ಅಭ್ಯರ್ಥಿಗಳು ಪಾಠ ಹೇಳುವ ಅಭ್ಯಾಸಕ್ಕಾಗಿ ಬರುತ್ತಾರೆ. ಒಮ್ಮೆ ಇಬ್ಬರಿಗೆ ಸಂಧಿಪ್ರಕರಣವನ್ನೇ ಕೊಟ್ಟಿದ್ದೆ. ಒಬ್ಬರು ಪ್ರಥಮ ದರ್ಜೆಯವರು. ಲೋಪ, ಆಗಮ, ಆದೇಶಗಳ ಲಕ್ಷಣವನ್ನು ಹಲಗೆಯ ಮೇಲೆ ಮುದ್ದಾಗಿ ಬರೆದರು, ಮಕ್ಕಳು ಬರೆದುಕೊಂಡರು, ಗಂಟೆ ಹೊಡೆಯಿತು. ಇನ್ನೊಬ್ಬರದು ಐವತ್ತರ ಮೇಲೆ ಒಂದೆರಡು ಅಂಕ. ಆಕೆ ಹಲಗೆಯ ಕಡೆಗೆ ಹೋಗಲೇ ಇಲ್ಲ. "ಊರು, ಅಲ್ಲಿ, ಸೇರಿಸಿ ಹೇಳಿ" ಎಂದರು. "ಊರಲ್ಲಿ" ಎಂದರು ಮಕ್ಕಳು. "ಮನೆ, ಅಲ್ಲಿ?" "ಮನೆಯಲ್ಲಿ." "ಊರಿನ ಉಕಾರ ಎಲ್ಲಿ ಹೋಯಿತು? ಮನೆಯೊಳಗೆ ಯಕಾರ ಹೇಗೆ ನುಗ್ಗಿತು?" ತರಗತಿಯೆಲ್ಲ ನಕ್ಕಿತು. ನಗುತ್ತಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮೇಡಂ, ಒಂದರಲ್ಲಿ ಹೋಯಿತು, ಒಂದರಲ್ಲಿ ಬಂತು" ಎಂದ. ಲೋಪ, ಆಗಮಗಳೆಂದರೆ ಅಷ್ಟೇ ತಾನೆ? ಆದರೆ ಪ್ರವೇಶದ ಪಟ್ಟಿಯಲ್ಲಿ ಈಕೆಯ ಹೆಸರು ಎಷ್ಟೋ ಕೆಳಗಿದ್ದಿರಬೇಕು.

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಯಾರು ಮೇಲೆಂಬ ಜಗಳ ಹತ್ತುತ್ತದೆ. ತೀರ್ಪು ಹೇಳಬೇಕಾದ ಪರಿವ್ರಾಜಿಕೆ ಅವರನ್ನು ಕುಣಿಸಿ ನೋಡುವುದಿಲ್ಲ. ಅವರ ಶಿಷ್ಯೆಯರು ಕುಣಿಯಲಿ ಎನ್ನುತ್ತಾಳೆ. ನಮ್ಮ ಪ್ರವೇಶದ ಕ್ರಮ ಆಚಾರ್ಯನಾಗುವವನನ್ನೇ ಅಳೆದು ಸುಮ್ಮನಾಗುತ್ತದೆ. ಇದಕ್ಕೆ ಸಂದರ್ಶನವಿಡಬಾರದೆ ಎಂದು ಕೆಲವರು ಕೇಳುತ್ತಾರೆ. ನನಗೆ ಸಮ್ಮತಿಯಿಲ್ಲ. ಸಂದರ್ಶನದ ಕೋಣೆಗೆ ಶಿಫಾರಸು ಹಿಂಬಾಗಿಲಿನಿಂದ ಬರುತ್ತದೆ. ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗಿಗೆ ಅಂಕಪಟ್ಟಿಯೊಂದೇ ಆಸರೆ. ಆ ಮೊಂಡು ಅಳತೆಗೋಲು ಇರಲಿ.

ಜೊಳ್ಳು ಗಟ್ಟಿಗಳನ್ನು ಬೇರ್ಪಡಿಸುವ ಜಾಗ ಬೇರೆ ಇದೆ. ಎರಡು ವರ್ಷದಲ್ಲಿ ಒಟ್ಟು 20 ವಾರ ಅಭ್ಯರ್ಥಿಯು ಶಾಲೆಯಲ್ಲಿರಬೇಕೆಂದು 2014ರ ನಿಯಮ ಹೇಳುತ್ತದೆ: ಮೊದಲ ವರ್ಷ 4, ಎರಡನೆಯ ವರ್ಷ 16. ಇತರ ಪಾಠಗಳಿಗೆ ನೂರಕ್ಕೆ 80 ಹಾಜರಿ ಸಾಕು. ಶಾಲೆಯ ವಾರಗಳಿಗೆ 90 ಬೇಕು. ನಿಜವಾದ ಪ್ರವೇಶ ಪರೀಕ್ಷೆ ಇದು. ತನಗೆ ಮಕ್ಕಳ ಸಹವಾಸ ಹಿಡಿಸುತ್ತದೆಯೆ, ಐದನೆಯ ಪೀರಿಯಡ್ಡಿನಲ್ಲಿಯೂ ದನಿಯೂ ತಾಳ್ಮೆಯೂ ಉಳಿಯುತ್ತವೆಯೆ ಎಂಬುದು ಹುಡುಗನಿಗೇ ತಿಳಿಯುತ್ತದೆ. ತಿಳಿದು ಬಿಟ್ಟುಹೋದವನನ್ನು ಮನೆಯವರು ಹಳಿಯಬಾರದು. ಆ ವಾರಗಳ ವರದಿಗೆ ಸಹಿ ಹಾಕುವ ನಮ್ಮಂಥ ಹಳೆಯ ಉಪಾಧ್ಯಾಯರೂ "ಪಾಪ, ಹೋಗಲಿ" ಎಂದು ಎಲ್ಲರಿಗೂ ಉತ್ತಮವೆಂದೇ ಬರೆಯುವ ಚಾಳಿಯನ್ನು ಬಿಡಬೇಕು.

ಆದರೆ "ಕಾಲೇಜಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎನ್ನುವ ಕಾಲೇಜುಗಳುಂಟು. ಮನೆಯಲ್ಲಿದ್ದುಕೊಂಡೇ ಪದವಿ ದೊರೆತರೆ ಅನುಕೂಲವಲ್ಲವೆ ಎಂದು ತಂದೆತಾಯಂದಿರು, ಅದರಲ್ಲೂ ಹೆಣ್ಣುಮಕ್ಕಳ ತಂದೆತಾಯಂದಿರು, ಅಲ್ಲಿಗೆ ಹೋಗುತ್ತಾರೆ. ಕಳೆದುಕೊಳ್ಳುವುದು ಆ 20 ವಾರಗಳನ್ನು. ಮುಂದೆ ಆ ಮಗಳು ಮೊದಲ ಸಲ ತರಗತಿಯಲ್ಲಿ ನಿಲ್ಲುವಾಗ ಎದುರಿಗಿರುವವರು ಅಭ್ಯಾಸದ ಮಕ್ಕಳಲ್ಲ, ನಿಜವಾದ ಮಕ್ಕಳು.

ಕಾಲೇಜನ್ನು ನೋಡಲು ಹೋದಾಗ ಶುಲ್ಕದ ಜೊತೆಗೆ ಪರಿಷತ್ತಿನ ಮಾನ್ಯತೆಯನ್ನು ವಿಚಾರಿಸಿ. ಮಾನ್ಯತೆ ಕಳೆದುಕೊಂಡ ಸಂಸ್ಥೆಯ ಪದವಿ ಸರ್ಕಾರಿ ನೌಕರಿಗೂ ಅನುದಾನಿತ ಶಾಲೆಯ ನೌಕರಿಗೂ ಬಾರದು. ಆಮೇಲೆ, "ನಿಮ್ಮ ವಿದ್ಯಾರ್ಥಿಗಳು ಪಾಠ ಹೇಳಲು ಯಾವ ಶಾಲೆಗೆ ಹೋಗುತ್ತಾರೆ?" ಎಂದು ಕೇಳಿ. ಹೆಸರು ಹೇಳಿದರೆ, ಆ ಶಾಲೆಗೇ ಒಂದು ಬೆಳಗ್ಗೆ ಹೋಗಿ, ಅವರು ಬರುತ್ತಾರೆಯೆ ಎಂದು ಅಲ್ಲಿಯ ಮೇಷ್ಟರನ್ನು ವಿಚಾರಿಸಿ ಬನ್ನಿ.