ಹೀಚು ಉದುರಿದ್ದು ಯಾರ ಕಣ್ಣಿಂದ?



ಇವತ್ತು ಪಾಠದ ಪುಸ್ತಕ ಪಕ್ಕಕ್ಕಿಡಿ. ಹಿತ್ತಲ ಮಾತು ಆಡೋಣ.

ಶಿವರಾತ್ರಿ ಕಳೆಯಿತು. ಯುಗಾದಿ ಹತ್ತಿರ ಬಂತು. ಹೊಂಗೆ ಮರ ಹಳೇ ಎಲೆ ಉದುರಿಸಿ ಚಿಗುರಿದೆ. ಮಾವು ಹೂ ಮುಗಿಸಿ ಹೀಚು ಕಟ್ಟುತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ನುಗ್ಗೆ ಮರದ ಕೆಳಗೆ ನೆಲವೆಲ್ಲ ಬಿಳಿ ಹೂ. ಬಚ್ಚಲ ನೀರು ಹರಿಯೋ ಕಡೆ ನಾಟಿದ ಸಿಹಿಕುಂಬಳದ ಬಳ್ಳಿ ಬೇಲಿ ತುಂಬ ಹಬ್ಬಿ ಹಳದಿ ಹೂ ಬಿಟ್ಟಿದೆ.

ಹೋದ ವಾರ ಒಬ್ಬರು ಅಕ್ಕ ನನ್ನ ಹತ್ತಿರ ಬಂದು, "ಟೀಚರಮ್ಮ, ಬಳ್ಳಿ ತುಂಬ ಹೂವಿದೆ, ಒಂದು ಹೀಚೂ ನಿಲ್ತಿಲ್ಲ, ಯಾರೋ ಕಣ್ಣು ಹಾಕಿದಾರೆ" ಅಂದರು. ಯಾರು ಅಂತಲೂ ಹೇಳಿದರು. ಆ ಹೆಸರು ಇಲ್ಲಿ ಬೇಡ. ಅವರೂ ಇದೇ ಚಾಪೆ ಮೇಲೆ ಕೂತು ಅಕ್ಷರ ಕಲಿತವರು. ನಾಲ್ಕು ದಿನದಿಂದ ಬಂದಿಲ್ಲ.

ನನ್ನ ತವರಿನಲ್ಲೂ ಹೀಗೇ ಆಗಿತ್ತು. ನಾನಾಗ ಐದನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ನಮ್ಮ ಚಿಕ್ಕಮ್ಮ ನಮ್ಮ ಮನೆಯಲ್ಲೇ ಇದ್ದರು. ಆ ವರ್ಷ ಕುಂಬಳದ ಹೀಚು ಒಂದೊಂದೇ ಹಳದಿಯಾಗಿ ಉದುರಿತು. ಬೈದವರು ಯಾರೂ ಇಲ್ಲ. "ನೀನು ಹಿತ್ತಲಿಗೆ ಹೋಗಬೇಡ, ನೀರು ನಾನೇ ಹಾಕ್ತೀನಿ" ಅಂದರು ಅಜ್ಜಿ. ಅಷ್ಟೇ. ಚಿಕ್ಕಮ್ಮನಿಗೆ ಅರ್ಥವಾಯಿತು. ಪಾತ್ರೆ ತಿಕ್ಕೋದನ್ನೂ ಒಳಗಿನ ಬಚ್ಚಲಿಗೇ ಇಟ್ಟುಕೊಂಡರು.

ಮುಂದೆ ನಾನು ಟಿ.ಸಿ.ಎಚ್. ಓದಿದೆ. ಹೂವಿನ ಭಾಗಗಳ ಚಿತ್ರ ಬರೆದು ಒಳ್ಳೇ ಮಾರ್ಕು ತಗೊಂಡೆ. ಅದೇ ಹೂವು ನಮ್ಮ ಹಿತ್ತಲಲ್ಲಿದೆ ಅನ್ನೋದು ತಲೆಗೆ ಬರಲೇ ಇಲ್ಲ. ಶಾಲೆಗೆ ಸೇರಿದ ಮೇಲೆ ಒಂದು ದಿನ ಮಕ್ಕಳ ಕೈಲಿ ಕುಂಬಳದ ಹೂ ತರಿಸಿ, ಬಿಡಿಸಿ ತೋರಿಸಿದೆ. ಆಗ ಚಿಕ್ಕಮ್ಮ ನೆನಪಾದರು.

ಈಗ ಕೇಳಿ. ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ನಡುವೆ ಒಂದು ಕಡ್ಡಿ, ಮುಟ್ಟಿದರೆ ಬೆರಳಿಗೆ ಹಳದಿ ಪುಡಿ ಹತ್ತುತ್ತೆ. ಆ ಪುಡಿಗೆ ಪರಾಗ ಅಂತ ಹೆಸರು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಇರುತ್ತೆ. ಹೂ ಅರಳುವ ಮುಂಚೆಯೇ ಇರುತ್ತೆ. ಅದನ್ನು ನೋಡಿ ನಾವು ಕಾಯಿ ಕಚ್ಚಿತು ಅಂದುಕೊಳ್ತೀವಿ. ಇನ್ನೂ ಕಚ್ಚಿಲ್ಲ! ಗಂಡು ಹೂವಿನ ಪುಡಿ ಹೆಣ್ಣು ಹೂವಿನ ನಡುವಿಗೆ ಮುಟ್ಟಿದರೆ ಮಾತ್ರ ಅದು ಬೆಳೆಯುತ್ತೆ. ಮುಟ್ಟದಿದ್ದರೆ ಕೆಲವೇ ದಿನದಲ್ಲಿ ಹಳದಿಯಾಗಿ, ಮುದುಡಿ ಉದುರುತ್ತೆ. ಯಾರು ನೋಡಿದರೂ ಉದುರುತ್ತೆ, ಯಾರೂ ನೋಡದಿದ್ದರೂ ಉದುರುತ್ತೆ. ಹೀಚಿಗೆ ಬೆರಳು ತೋರಿಸಬಾರದು ಅಂತ ನಮ್ಮನ್ನು ಚಿಕ್ಕಂದಿನಲ್ಲಿ ಗದರಿಸುತ್ತಿದ್ದರಲ್ಲ, ಆ ಮಾತೂ ಹೀಗೇ ಹುಟ್ಟಿರಬೇಕು.

ಪುಡಿ ಮುಟ್ಟಿಸೋ ಕೆಲಸ ಜೇನುಹುಳದ್ದು. ಜೇನು ಕಡಿಮೆಯಾದ ಕಡೆ ಆ ಕೆಲಸ ನಾವೇ ಮಾಡಬಹುದು. ಬೆಳಿಗ್ಗೆ 6 ಗಂಟೆಯಿಂದ 8 ಗಂಟೆಯೊಳಗೆ ಹೋಗಿ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತೆ. ಆಗತಾನೆ ಅರಳಿದ ಗಂಡು ಹೂ ಕಿತ್ತು ಎಸಳು ತೆಗೆಯಿರಿ. ಉಳಿದ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಸಾಕು. ಆಮೇಲೆ ತೊಟ್ಟಿಗೆ ಸಡಿಲವಾಗಿ ಒಂದು ದಾರ ಕಟ್ಟಿ, ಹಿತ್ತಲ ಗೋಡೆ ಮೇಲೆ ಇದ್ದಿಲಿನಿಂದ ತಾರೀಕು ಬರೆಯಿರಿ. ಬರೆಯೋಕೆ ಬರುತ್ತಲ್ಲ ಈಗ! ಒಂದು ವಾರದಲ್ಲಿ ಕಾಯಿ ದಪ್ಪಗಾದರೆ ನಿಂತಿತು ಅಂತ ತಿಳಿಯಿರಿ.

ಗಂಡು ಹೂ ಮೊದಲು ಬರುತ್ತೆ, ಜಾಸ್ತಿಯೂ ಬರುತ್ತೆ. ಅದು ಉದುರಿದರೆ ಅಳಬೇಡಿ. ನಾಲ್ಕು ಹೂ ಬಳ್ಳಿಯಲ್ಲಿ ಬಿಟ್ಟು ಉಳಿದದ್ದನ್ನು ಬೋಂಡಾ ಮಾಡಿ, ಚೆನ್ನಾಗಿರುತ್ತೆ.

ಸೋರೆ, ಹೀರೆಗೂ ಇದೇ ಲೆಕ್ಕ. ಆದರೆ ಅವುಗಳ ಹೂ ಅರಳೋದು ಸಂಜೆ. ದೀಪ ಹಚ್ಚೋ ಹೊತ್ತಿಗೆ ಹೋಗಬೇಕು.

ಉದುರಿದ ಹೀಚನ್ನು ಒಂದು ಸಲ ಸೀಳಿ ನೋಡಿ. ಒಳಗೆ ಬಿಳಿ ಹುಳು ಇದ್ದರೆ ಅದು ಹಣ್ಣುನೊಣದ ಕೆಲಸ. ಅಂಥದನ್ನು ತಿಪ್ಪೆಗೆ ಎಸೆಯಬೇಡಿ. ಅಲ್ಲೇ ನೊಣವಾಗಿ ಮತ್ತೆ ಬರುತ್ತೆ. ಆಳವಾಗಿ ಗುಂಡಿ ತೋಡಿ ಮುಚ್ಚಿ. ಹೂ ಅರಳಿರುವ ಹೊತ್ತಿನಲ್ಲಿ ಔಷಧಿ ಹೊಡೆಯಲೇಬೇಡಿ. ಜೇನು ಸಾಯುತ್ತೆ. ಕಾಸು ಕೊಟ್ಟು ಕಾಯಿ ಕಳಕೊಂಡ ಹಾಗೆ.

ಮಾವಿನ ಮರದ ಕೆಳಗೆ ಹೂ ಚೆಲ್ಲಿದೆ ಅಂತ ಕೆಲವರು ಮೊನ್ನೆ ಪೇಚಾಡುತ್ತಿದ್ದರು. ಒಂದು ಗೊಂಚಲಲ್ಲಿ ಸಾವಿರಕ್ಕೂ ಮೇಲೆ ಹೂ ಇರಬಹುದು. ಹೆಚ್ಚಿನವು ಗಂಡು ಹೂವೇ. ಕೊನೆಗೆ ಒಂದೆರಡು ಕಾಯಿ ನಿಂತರೆ ದೊಡ್ಡದು. ಅಷ್ಟೂ ಕಾಯಾದರೆ ಕೊಂಬೆ ಉಳಿದೀತೇ?

ಇನ್ನು ತರಗು. ಈ ತಿಂಗಳು ಗುಡಿಸಿದಷ್ಟೂ ಬೀಳುತ್ತೆ. ಗುಡಿಸಿ ಬೆಂಕಿ ಹಾಕಿದರೆ ಹಿತ್ತಲು ಚೊಕ್ಕಟ ಅನ್ನೋದು ನಮ್ಮ ಅಭ್ಯಾಸ. ನಾನೂ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಒಂದು ಸಲ ಉರಿ ತಗುಲಿ ಮಲ್ಲಿಗೆ ಗಿಡ ಅರ್ಧ ಕಮರಿತು. ಈಗ ಬಳ್ಳಿಯ ಪಾತಿಗೆ ನಾಲ್ಕು ಬೆರಳು ದಪ್ಪ ತರಗು ಹಾಸುತ್ತೇನೆ, ಬುಡಕ್ಕೆ ಅಂಟದ ಹಾಗೆ. ನೆಲ ಬೇಗ ಒಣಗೋದಿಲ್ಲ. ದಿನಾ ಹಾಕುತ್ತಿದ್ದ ನೀರು ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತೆ. ನೀರು ಹೊರುವವರಿಗೆ ಇದರ ಬೆಲೆ ಗೊತ್ತು. ಮಿಕ್ಕಿದ ತರಗನ್ನು ಸಗಣಿ ಬಗ್ಗಡ ಹಾಕಿ ಗುಂಡಿಗೆ ತುಂಬಿ.

ಚಿಕ್ಕಮ್ಮನ ಮಾತು ಅರ್ಧಕ್ಕೇ ಬಿಟ್ಟೆ. ಮಕ್ಕಳಿಗೆ ಆ ಪಾಠ ಮಾಡಿದ ವರ್ಷವೇ ಬೇಸಿಗೆ ರಜದಲ್ಲಿ ತವರಿಗೆ ಹೋದೆ. ಅವರನ್ನು ಬೆಳಿಗ್ಗೆ ಎಬ್ಬಿಸಿ ಹಿತ್ತಲಿಗೆ ಕರಕೊಂಡು ಹೋದೆ. ಬರಲ್ಲ ಅಂದರು. ಕೈ ಹಿಡಿದು ಎಳಕೊಂಡೇ ಹೋದೆ. ಅವರ ಕೈಯಿಂದಲೇ ಐದು ಹೂವಿಗೆ ಪುಡಿ ಮುಟ್ಟಿಸಿದೆ. ಎರಡು ಉದುರಿದವು. ಮೂರು ನಿಂತವು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಚಿಕ್ಕಮ್ಮ ಆ ಕಾಯಿಯನ್ನು ಸವರಿ, "ಇಷ್ಟೇನಾ?" ಅಂದರು. ಬೇರೇನೂ ಅನ್ನಲಿಲ್ಲ.

ನಾಳೆ ಬೆಳಿಗ್ಗೆ ಆರೂವರೆಗೆ ನಮ್ಮ ಹಿತ್ತಲಿಗೆ ಬನ್ನಿ. ಎರಡು ಹೆಣ್ಣು ಹೂ ಅರಳುವ ಹಾಗಿವೆ. ತಡ ಮಾಡಿದರೆ ಮುಚ್ಚಿಬಿಡುತ್ತವೆ. ನಾಲ್ಕು ದಿನದಿಂದ ಬಾರದೆ ಇರುವ ಆ ಅಕ್ಕನ ಮನೆ ಯಾರಿಗೆ ಹತ್ತಿರವೋ, ಅವರು ಅವರನ್ನೂ ಜೊತೆಗೆ ಕರಕೊಂಡು ಬನ್ನಿ.