ಗಿರಾಕಿ ನಿಮ್ಮವರು, ಲೆಕ್ಕ ಯಾರ ಹತ್ರ?

ಇವತ್ತು ಇಂಟರ್‌ನೆಟ್ಟು ವ್ಯಾಪಾರವನ್ನ ಹೇಗೆ ಬದಲಾಯಿಸ್ತಿದೆ ಅಂತ ಮಾತಾಡೋಣ. ಬೆಂಗಳೂರಿನ ಸ್ಟಾರ್ಟಪ್ ಕತೆ ಸಾಕಷ್ಟು ಕೇಳಿದ್ದೀರ. ಇದು ನಮ್ಮ ಟಿ. ನರಸೀಪುರ, ನಂಜನಗೂಡು ಕಡೆಯ ಕತೆ.

ಕುರಿಯಿಂದ ಶುರು ಮಾಡ್ತೀನಿ. ಬನ್ನೂರು ಇರೋದು ಟಿ. ನರಸೀಪುರ ತಾಲ್ಲೂಕಲ್ಲಿ. ಅಲ್ಲಿನ ಕುರಿ ತಳಿಗೆ ದಾಖಲೆಯಲ್ಲಿ ‘ಮಂಡ್ಯ’ ಅಂತ ಹೆಸರು, ಜನರ ಬಾಯಲ್ಲಿ ಮಾತ್ರ ಬನ್ನೂರು ಕುರಿ, ಬಂಡೂರು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಮಾಂಸಕ್ಕೆ ಹೆಸರುವಾಸಿ. ಯೂಟ್ಯೂಬಲ್ಲಿ ಈ ಹೆಸರು ಹೊಡೆದು ನೋಡಿ, ಸಾಲು ಸಾಲು ವಿಡಿಯೊ ಬರುತ್ತೆ. ಎಲ್ಲದರ ಕೆಳಗೂ ಒಂದು ಫೋನ್ ನಂಬರ್.

ಆ ತಾಲ್ಲೂಕಿನ ಒಬ್ಬ ಕುರಿ ಸಾಕಣೆದಾರರ ಹತ್ರ ಮಾತಾಡಿದೆ. ಒಂದು ಚಾನೆಲ್‌ನವರು ಬಂದು ಅವರ ಕೊಟ್ಟಿಗೆಯ ವಿಡಿಯೊ ಮಾಡಿದ್ರಂತೆ. ಆಮೇಲೆ ಒಂದು ವಾರ ಫೋನ್ ಕೆಳಗಿಡೋಕೆ ಬಿಡಲಿಲ್ಲ. ತಮಿಳುನಾಡಿಂದ ಕರೆ, ಆಂಧ್ರದಿಂದ ಕರೆ. ಇದ್ದಬದ್ದ ಟಗರೆಲ್ಲ ಖಾಲಿ, ಅದೂ ಸಂತೆಯಲ್ಲಿ ಯಾವತ್ತೂ ಸಿಗದ ರೇಟಿಗೆ. ಮುಂದಿನ ವರ್ಷ ಮತ್ತೆ ಮರಿಗಳು ಬೆಳೆದು ನಿಂತವು. ‘ಹೋದ ವರ್ಷ ಕರೆ ಮಾಡಿದೋರ ನಂಬರ್ ಇದೆಯಾ ಅಣ್ಣ?’ ಅಂದೆ. ‘ಯಾರು ಬರ್ಕೊಂಡ್ರಪ್ಪ ಅದನ್ನೆಲ್ಲ? ಫೋನೂ ಹಾಳಾಯ್ತು, ಹೊಸದು ತಗೊಂಡೆ’ ಅಂದ್ರು. ಚಾನೆಲ್‌ನವರನ್ನ ಮತ್ತೆ ಕರೆದಿದ್ದಾರೆ. ಈ ಸಲ ಅವರು ವಿಡಿಯೊಗೆ ಇಷ್ಟು, ಮಾರಿದ ಒಂದೊಂದು ಕುರಿಗೂ ಇಷ್ಟು ಅಂತ ಕೇಳಿದ್ದಾರೆ.

ಚಾನೆಲ್‌ನವರದ್ದು ತಪ್ಪು ಅಂತ ನಾನು ಹೇಳಲ್ಲ. ಅವರೂ ಪೆಟ್ರೋಲ್ ಹಾಕಿಸ್ಕೊಂಡು ಬಂದಿರ್ತಾರೆ, ರಾತ್ರಿ ಕೂತು ಎಡಿಟ್ ಮಾಡಿರ್ತಾರೆ. ಆದ್ರೆ ಇಂಟರ್‌ನೆಟ್ ಬಂದ್ರೆ ದಲ್ಲಾಳಿ ಹೋಗ್ತಾನೆ ಅಂತ ಕಾಲೇಜಲ್ಲಿ ನಮಗೆ ಪಾಠ ಮಾಡಿದ್ರಲ್ಲ, ಅದು ಇಲ್ಲಿ ಆಗಿಲ್ಲ. ದಲ್ಲಾಳಿ ಕೈಗೆ ಕ್ಯಾಮೆರಾ ಬಂದಿದೆ, ಅಷ್ಟೆ. ನಮ್ಮ ಕಡೆ ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಹೇಳ್ತಿದ್ರು. ಪಕ್ಕದವರಿಗೆ ಗೊತ್ತಾಗಬಾರದು ಅಂತ. ಇವತ್ತು ಇನ್‌ಸ್ಟಾಗ್ರಾಂನಲ್ಲಿ ‘ರೇಟ್‌ಗೆ ಮೆಸೇಜ್ ಮಾಡಿ’ ಅಂತಾರಲ್ಲ, ಅದೂ ಅದೇ ಟವೆಲ್ಲು!

ಈಗ ನಂಜನಗೂಡಿಗೆ ಬನ್ನಿ. ಶ್ರೀಕಂಠೇಶ್ವರ ದೇವಸ್ಥಾನದ ಸುತ್ತ ಇರೋ ಅಂಗಡಿಗಳನ್ನ ನೆನಪಿಸ್ಕೊಳ್ಳಿ. ಬಾಳೆಹಣ್ಣು, ತೆಂಗಿನಕಾಯಿ, ಊದುಬತ್ತಿ, ಕರ್ಪೂರ. ಬಾಳೆಹಣ್ಣು ಯಾವುದಿದ್ರೂ ಕೆಲವರು ರಸಬಾಳೆ ಅಂತಾನೇ ಹೇಳ್ತಾರೆ, ಆ ವಿಷಯ ಇನ್ನೊಂದು ಎಪಿಸೋಡಿಗೆ ಇರಲಿ. ಯುಪಿಐ ಬಂದಿದ್ದು 2016ರಲ್ಲಿ. ಈಗ ಹುಣ್ಣಿಮೆ ದಿನ ಅಲ್ಲಿ ನಿಂತ್ರೆ ಗಂಟೆ ಸದ್ದಿಗಿಂತ ‘ಇಪ್ಪತ್ತು ರೂಪಾಯಿ ಬಂದಿದೆ’ ಅನ್ನೋ ಡಬ್ಬಿಗಳ ಸದ್ದೇ ಜಾಸ್ತಿ.

ಆ ಡಬ್ಬಿ ಸದ್ದು ಮಾಡಿದಾಗಲೆಲ್ಲ ಎಲ್ಲೋ ಒಂದು ಕಡೆ ಒಂದು ಸಾಲು ದಾಖಲಾಗುತ್ತೆ. 2025ರ ಜುಲೈನಲ್ಲಿ ಇದು ಇಡೀ ರಾಜ್ಯಕ್ಕೆ ಅರ್ಥ ಆಯ್ತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಇಟ್ಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿಯವರು, ತರಕಾರಿಯವರು, ಟೀ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತು, ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ರು. ಬಂದ್ ಮಾಡ್ತೀವಿ ಅಂದ್ರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ಮಿತಿ ದಾಟಿದೋರು ಜಿಎಸ್‌ಟಿ ನೋಂದಣಿ ಮಾಡಿಸ್ಕೋಬೇಕು ಅಂತ ಹೇಳಿದ್ರು.

ಬಿ.ಕಾಂ. ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದ್ರೆ ನೋಂದಣಿ ಬೇಕು. ಸೇವೆ ಕೊಡೋರಿಗೆ 20 ಲಕ್ಷ. ತಾಜಾ ಹಣ್ಣು, ತರಕಾರಿಗೆ ಜಿಎಸ್‌ಟಿ ಇಲ್ಲ. ಬರೀ ಬಾಳೆಹಣ್ಣು ಮಾರೋರು ಎಷ್ಟೇ ಮಾರಿದ್ರೂ ನೋಂದಣಿ ಕಡ್ಡಾಯ ಅಲ್ಲ. ಆದ್ರೆ ಅದೇ ಅಂಗಡಿಯಲ್ಲಿ ಊದುಬತ್ತಿನೂ ಇಟ್ರೆ? ಊದುಬತ್ತಿಗೆ ತೆರಿಗೆ ಇದೆ. ಆಗ ಮಿತಿ ನೋಡೋದು ಬಾಳೆಹಣ್ಣು, ಊದುಬತ್ತಿ ಎರಡೂ ಸೇರಿಸಿ. ತೆರಿಗೆ ಬೀಳೋದು ಊದುಬತ್ತಿಗೆ ಮಾತ್ರ.

ಈಗ ಹೇಳಿ, ಕ್ಯೂಆರ್‌ಗೆ ಬಂದ ದುಡ್ಡಲ್ಲಿ ಬಾಳೆಹಣ್ಣಿಂದು ಎಷ್ಟು, ಊದುಬತ್ತಿದು ಎಷ್ಟು? ಭಾವಮೈದ ವಾಪಸ್ ಕೊಟ್ಟ ಸಾಲ ಎಷ್ಟು, ಚೀಟಿ ದುಡ್ಡು ಎಷ್ಟು? ಬ್ಯಾಂಕಿನವರ ಹತ್ರ ಮೊತ್ತ ಇದೆ, ತಾರೀಖು ಇದೆ. ಯಾವುದಕ್ಕೆ ಬಂತು ಅನ್ನೋದು ಅಂಗಡಿಯವರ ಹತ್ರ ಮಾತ್ರ ಇರೋಕೆ ಸಾಧ್ಯ. ಅವರು ಬರೆದಿಟ್ಟಿಲ್ಲ ಅಂದ್ರೆ ಎಲ್ಲೂ ಇಲ್ಲ. ಹಳೇ ಕಾಲದ ದಿನಸಿ ಅಂಗಡಿಯಲ್ಲಿ ಉದ್ದನೆ ಸಾಲದ ಪುಸ್ತಕ ಇರ್ತಿತ್ತಲ್ಲ, ಯಾರ ಮನೆಗೆ ಎಷ್ಟು ಬೇಳೆ ಹೋಯ್ತು ಅಂತ. ಫೋನ್ ಬಂತು ಅಂತ ಪುಸ್ತಕ ಬಿಟ್ವಿ. ಲೆಕ್ಕ ಫೋನಲ್ಲಿದೆ ಅನ್ಕೊಂಡ್ವಿ.

ಮೀಡಿಯಾದಲ್ಲೂ ಇದೇ ಪಾಡು. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆಯ್ತು. ನಮ್ಮೂರ ಕಡೆ ಸಾವಿರಾರು ಫಾಲೋವರ್ಸ್ ಇದ್ದ ಹುಡುಗರು ಇದ್ರು. ರಾತ್ರಿ ಕಳೆಯೋದರಲ್ಲಿ ಎಲ್ಲ ಹೋಯ್ತು, ಒಬ್ಬರನ್ನೂ ಮತ್ತೆ ಕರೆಯೋ ದಾರಿ ಇರಲಿಲ್ಲ. ಇನ್ನೊಂದು ಕಡೆ ಮೈಸೂರಿನ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ನೋಡಿ. 1970ರಲ್ಲಿ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ ಶುರು ಮಾಡಿದ್ದು. ಹೆಸರಲ್ಲಿರೋ ಕಳಲೆ ನಮ್ಮ ನಂಜನಗೂಡು ತಾಲ್ಲೂಕಿನ ಊರು. ಸಂಸ್ಕೃತ ಪತ್ರಿಕೆಗೆ ಬಸ್‌ಸ್ಟ್ಯಾಂಡಲ್ಲಿ ಗಿರಾಕಿ ಎಲ್ಲಿ ಸಿಗ್ತಾರೆ? ಅದು ಅಂಚೆಯಲ್ಲಿ, ಚಂದಾದಾರರ ವಿಳಾಸಕ್ಕೆ ಹೋಗ್ತಿತ್ತು. ಆ ವಿಳಾಸದ ಪಟ್ಟಿ ಪತ್ರಿಕೆಯದೇ ಆಗಿತ್ತು. ನನ್ನ ಈ ಪಾಡ್‌ಕಾಸ್ಟ್ ಎಷ್ಟು ಜನ ಕೇಳಿದ್ರು ಅಂತ ಆ್ಯಪ್ ನನಗೆ ಹೇಳುತ್ತೆ. ನೀವು ಯಾರು ಅಂತ ಹೇಳಲ್ಲ.

ಹಾಗಂತ ಕ್ಯೂಆರ್ ಕಿತ್ತಾಕಿ ಅಂತಲ್ಲ. ಇಷ್ಟು ಮಾಡಿ ಸಾಕು. ಅಂಗಡಿಗೆ ಒಂದು ಬ್ಯಾಂಕ್ ಖಾತೆ, ಮನೆಗೆ ಇನ್ನೊಂದು. ದಿನಾ ಬಾಗಿಲು ಹಾಕೋ ಮುಂಚೆ ತೆರಿಗೆ ಇರೋ ಮಾಲು ಇಷ್ಟು, ಇಲ್ಲದ್ದು ಇಷ್ಟು ಅಂತ ಎರಡು ಸಾಲು ಬರೀರಿ. ಕೊಂಡೋರ ಹೆಸರು, ನಂಬರ್ ಕೇಳಿ ಸೇವ್ ಮಾಡ್ಕೊಳ್ಳಿ, ಆದ್ರೆ ಅವರು ಒಪ್ಪಿದ್ರೆ ಮಾತ್ರ. ವಾಟ್ಸ್ಆ್ಯಪಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ, ಒಂದರಲ್ಲಿ 256 ಜನ. ಒಂದು ಮುಖ್ಯ ವಿಷಯ: ಅವರ ಫೋನಲ್ಲಿ ನಿಮ್ಮ ನಂಬರ್ ಸೇವ್ ಆಗಿಲ್ಲ ಅಂದ್ರೆ ಆ ಮೆಸೇಜ್ ಹೋಗಲ್ಲ. ಹಾಗಾಗಿ ನಂಬರ್ ತಗೊಂಡಾಗಲೇ ನಿಮ್ಮದನ್ನೂ ಅವರ ಫೋನಿಗೆ ಹಾಕಿಸಿ.

ಆ ಕುರಿ ಅಣ್ಣನ ಮಗಳು ಈಗ ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದಾಳೆ. ಹೆಸರು, ಊರು, ಟಗರೋ ಹೆಣ್ಣು ಮರಿಯೋ, ಯಾವಾಗ ತಗೊಂಡ್ರು. ನಾನು ಹೋದಾಗ ಮೂವತ್ತೊಂದು ಹೆಸರಿತ್ತು. ಅಪ್ಪ ಇನ್ನೂ ಚಾನೆಲ್‌ನವರಿಗೆ ಹೂಂ ಅಂದಿಲ್ಲ, ಬೇಡ ಅಂತಾನೂ ಅಂದಿಲ್ಲ. ಮೊದಲು ಈ ಮೂವತ್ತೊಂದು ಜನಕ್ಕೆ ಫೋನ್ ಮಾಡಿ ನೋಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ.